ಹಗೇವಿನ ಬಾಯಿಗೆ ಮುಳ್ಳು

ನಮ್ಮೂರಲ್ಲಿ ನನ್ನನ್ನು ಮುಳ್ಳು ಮಲ್ಲಿಗಮ್ಮ ಅನ್ನುತ್ತಾರೆ. ಹೆಸರಿಟ್ಟವಳು ಪಕ್ಕದ ಮನೆಯ ಸೋಮಮ್ಮ. ಕಂಡ ಕಂಡ ಕಡೆ ಜಾಲಿ ಮುಳ್ಳು ಕಡಿದು ತಂದು ಹಾಕುತ್ತೇನೆ ಅಂತ ಅವಳಿಗೆ ನಗು. ನಗಲಿ ಅಂತ ಬಿಟ್ಟಿದ್ದೆ. ನಮ್ಮ ಹಿತ್ತಿಲ ಬಾವಿಗೆ ಕಟ್ಟೆ ಇರಲಿಲ್ಲ, ಸುತ್ತ ಮುಳ್ಳು ಹಾಕಿದೆ. ಸುಣ್ಣದ ಡಬ್ಬಿಯನ್ನು ಕೈಗೆಟುಕದ ಗೂಡಿನಲ್ಲಿ ಇಟ್ಟೆ. ಮಗುವಿನ ಕಣ್ಣಿಗೆ ಸುಣ್ಣ ಬಿದ್ದರೆ ಆ ಕಣ್ಣು ಹೋದ ಹಾಗೇ. ಕುಡುಗೋಲಾಗಲಿ ಈಳಿಗೆಮಣೆಯಾಗಲಿ ನಮ್ಮ ಮನೆಯಲ್ಲಿ ನೆಲದ ಮೇಲೆ ಬಿದ್ದಿರುವ ಹಾಗಿರಲಿಲ್ಲ. ಎಸರಿನ ಮಡಕೆಯನ್ನು ಒಲೆಯ ಅಂಚಿಗೆ ಇಟ್ಟರೆ ನನ್ನ ತಮ್ಮನ ಹೆಂಡತಿ ಹೊಂಬಾಳಮ್ಮನಿಗೆ ನನ್ನಿಂದ ಬೈಗುಳ ತಪ್ಪುತ್ತಿರಲಿಲ್ಲ.

ಬೈಯುವುದಕ್ಕೆ ನನಗೆ ಕಾರಣವಿತ್ತು. ಗಂಡ ಸತ್ತ ವರ್ಷವೇ ನನ್ನ ಮಗ, ಎರಡು ವರ್ಷದವನು, ಮುದ್ದೆಗೆಂದು ಕುದಿಯುತ್ತಿದ್ದ ಎಸರಿನ ಮಡಕೆಯನ್ನು ಮೈಮೇಲೆ ಎಳೆದುಕೊಂಡ. ನಾನು ಸೌದೆ ತರಲು ಎದ್ದುಹೋಗಿದ್ದೆ, ಅಷ್ಟೇ. ಒಂದು ಹಗಲು ಒಂದು ರಾತ್ರಿ ಇದ್ದು ಹೋದ. ಆಮೇಲೆ ಗಂಡನ ಮನೆಯಲ್ಲಿ ನನಗೇನು ಕೆಲಸ? ತಮ್ಮ ಹುಚ್ಚೀರಯ್ಯ ಗಾಡಿ ಕಟ್ಟಿಕೊಂಡು ಬಂದು ನನ್ನನ್ನು ತವರಿಗೆ ಕರೆದುಕೊಂಡು ಬಂದ. ಮಳವಳ್ಳಿಯಿಂದ ಬಂಡೂರಿಗೆ ಹೋಗುವ ದಾರಿಯಲ್ಲಿ ಎಡಕ್ಕೆ ತಿರುಗಿದರೆ ನಮ್ಮೂರು. ನೆಲ ಎತ್ತರದಲ್ಲಿರುವುದರಿಂದ ನಮಗೆ ನಾಲೆಯ ನೀರು ಹತ್ತಲಿಲ್ಲ. ಮಂಡ್ಯದ ಕಡೆಯವರು ಕಬ್ಬು ಹಾಕಿದರು, ನಾವು ರಾಗಿಯಲ್ಲೇ ಉಳಿದೆವು.

ತಮ್ಮನಿಗೆ ಮದುವೆಯಾಗಿ ಆರು ವರ್ಷಕ್ಕೆ ಒಂದು ಹೆಣ್ಣು ಮಗು ಆಯಿತು. ನಮ್ಮವ್ವನ ಹೆಸರೇ ಇಟ್ಟೆವು, ಚಿಕ್ಕಮಾದಮ್ಮ. ಕರೆಯುವುದು ಮಾದಿ ಅಂತ. ಹೊಂಬಾಳಮ್ಮ ಬಾಣಂತನ ಮುಗಿಸಿಕೊಂಡು ಹೊಲಕ್ಕೆ ಹೊರಟ ದಿನ ಮಗುವನ್ನು ನನ್ನ ತೊಡೆಯ ಮೇಲೆ ಹಾಕಿ, “ಅಕ್ಕ, ಇವಳ ಕಾಯೋದು ನಿಂದು. ನಂಗೆ ಆ ಗಮನ ಇಲ್ಲ, ನಿಂಗೆ ಅದೆ” ಅಂದಳು. ನನ್ನನ್ನು ನಂಬಿ ಒಂದು ಮಗುವನ್ನು ಕೊಟ್ಟಳಲ್ಲ ಅಂತ ಅವತ್ತು ನಾನು ಒಳಗೆ ಹೋಗಿ ಅತ್ತೆ. ಎಸರಿಗೆ ಮಗನನ್ನು ಕೊಟ್ಟವಳ ಕೈಗೆ ಯಾರು ಕೊಡುತ್ತಾರೆ?

ಮಾದಿ ನಡೆಯಲು ಕಲಿತ ತಿಂಗಳು ನಾನು ಮಳವಳ್ಳಿ ಸಂತೆಗೆ ಹೋಗಿ, ಪೆಟ್ಟಿಗೆಯ ತಳದಲ್ಲಿದ್ದ ನನ್ನ ಕಾಲುಂಗುರಗಳನ್ನು ಅಕ್ಕಸಾಲಿಗನಿಗೆ ಕೊಟ್ಟು ಒಂದು ಜೊತೆ ಗೆಜ್ಜೆ ಮಾಡಿಸಿದೆ. ಅಂದಕ್ಕಲ್ಲ. ಮಗು ಎಲ್ಲಿದೆ ಅಂತ ಕೂತಲ್ಲೇ ತಿಳಿಯಬೇಕು. ಕಣ್ಣು ಎಷ್ಟು ಕಡೆ ಇರಲು ಸಾಧ್ಯ? ಕಿವಿಯಾದರೆ ಕೆಲಸ ಮಾಡುತ್ತಲೇ ಇರುತ್ತದೆ. ಗೆಜ್ಜೆ ಕೊಟ್ಟಿಗೆಯಲ್ಲಿದ್ದರೆ ಒಂದು ಸದ್ದು, ನಡುಮನೆಯಲ್ಲಿದ್ದರೆ ಇನ್ನೊಂದು. ಮಣ್ಣಿನ ಮೇಲೆ ಬೇರೆ, ಕಲ್ಲಿನ ಮೇಲೆ ಬೇರೆ. ರಾಗಿ ಬೀಸುತ್ತಾ ಕೂತೇ ಮಾದಿ ಈಗ ಕುರಿದೊಡ್ಡಿಯ ಹತ್ತಿರ ಹೋದಳು, ಈಗ ಸೋಮಮ್ಮನ ಜಗಲಿ ಹತ್ತಿದಳು ಅಂತ ಹೇಳುತ್ತಿದ್ದೆ. ಸೋಮಮ್ಮನಿಗೂ ಒಬ್ಬ ಮಗನಿದ್ದ, ಮಾದಿಗಿಂತ ಆರು ತಿಂಗಳು ಚಿಕ್ಕವನು, ಮರಿಯಯ್ಯ. ಅವರಿಬ್ಬರೂ ಜೊತೆ. ಅವನು ಬರಿಗಾಲಲ್ಲಿ ಎಲ್ಲಿ ಬೇಕಾದರೂ ನುಗ್ಗುತ್ತಿದ್ದ. “ನಿನ್ನ ಮಗನ್ಗೂ ಕಟ್ಟೇ” ಅಂದರೆ ಸೋಮಮ್ಮ, “ಗಂಡುಮಗಿಗೆ ಗೆಜ್ಜೆ ಕಟ್ಟಿ ಕುಣ್ಸಾನಾ?” ಅಂತ ನಗುತ್ತಿದ್ದಳು.

ಹೀಗೆ ಮೂರು ವರ್ಷ ಆ ಮಗುವಿನ ಮೈಮೇಲೆ ಒಂದು ಗೀರು ಬೀಳದ ಹಾಗೆ ಕಾದೆ. ಯಾರಾದರೂ ಹೊಗಳಿದರೆ ನನಗೆ ಸಂತೋಷವಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಹಗೇವಿನ ವಿಷಯ ಹೇಳಬೇಕು. ನಮ್ಮ ಕಡೆ ರಾಗಿಯನ್ನು ನೆಲದೊಳಗೆ ಇಡುತ್ತೇವೆ. ಗಟ್ಟಿ ನೆಲ ನೋಡಿ, ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ ಬಿಟ್ಟು, ಕೆಳಗೆ ಅಗಲವಾಗಿ ಅಗೆದು, ಸುತ್ತ ಹುಲ್ಲು ಕೊಟ್ಟು ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಹುಳ ಹಿಡಿಯುವುದಿಲ್ಲ. ಆದರೆ ತೆರೆಯುವಾಗ ಭಯ. ಮುಚ್ಚಿದ ಹಗೇವಿನೊಳಗೆ ಕಾವು, ಅಂದರೆ ಕೆಟ್ಟ ಗಾಳಿ, ಕೂತಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಮೂಗಿಗೂ ತಿಳಿಯುವುದಿಲ್ಲ, ಇಳಿದವನು ಎರಡು ಉಸಿರಿಗೆ ಕುಸಿದು ಬೀಳುತ್ತಾನೆ. ಅದಕ್ಕೆ ಚಪ್ಪಡಿ ಸರಿಸಿ ಒಂದು ಹಗಲು ಬಿಡಬೇಕು, ಆಮೇಲೆ ದೀಪ ಇಳಿಬಿಟ್ಟು ನೋಡಬೇಕು. ದೀಪ ಉಳಿದರೆ ಮನುಷ್ಯ ಇಳಿಯಬಹುದು. ಅಲ್ಲಿಯವರೆಗೆ ಹಗೇವಿನ ಬಾಯಿಯ ಸುತ್ತ ಮುಳ್ಳು ಹಾಕಿರಬೇಕು. ಇದನ್ನು ನಾನು ಕಂಡುಹಿಡಿದದ್ದಲ್ಲ, ನಮ್ಮ ತಾತ ಮುತ್ತಾತಂದಿರ ಕಾಲದಿಂದ ನಡೆದುಬಂದದ್ದು. ಹಿತ್ತಿಲ ನಡುವೆ ಮುಳ್ಳಿನ ಸುತ್ತು ಕಂಡರೆ ಊರಿನ ಎಂಥ ಪೆದ್ದನಿಗೂ ಅಲ್ಲಿ ಹಗೇವು ತೆರೆದಿದೆ ಅಂತ ಗೊತ್ತು.

ಆಗ ಯುದ್ಧದ ಕಾಲ. ಬೆಳೆದ ರಾಗಿಯಲ್ಲಿ ಇಂತಿಷ್ಟು ಸರ್ಕಾರಕ್ಕೆ ಅಳೆಯಬೇಕು ಅಂತ ಲೆವಿ ಬಂದಿತ್ತು. ಅಳೆದೆವು. ಪೇಟೆಯ ಜನವೂ ಉಣ್ಣಬೇಕಲ್ಲ, ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಮುಂದಿನ ಮಳೆ ಹೇಗೋ ಏನೋ ಅನ್ನುವ ಭಯ. ತಮ್ಮ ಎಂಟು ಪಲ್ಲ ರಾಗಿಯನ್ನು ಹಿತ್ತಿಲ ಹಗೇವಿಗೆ ಇಳಿಸಿ ಮುಚ್ಚಿಬಿಟ್ಟ. ಬರೆಸಲಿಲ್ಲ. ನಮ್ಮೂರಲ್ಲಿ ಹೆಚ್ಚುಕಡಿಮೆ ಎಲ್ಲರೂ ಮಾಡಿದ್ದು ಅದನ್ನೇ, ಒಬ್ಬರಿಗೊಬ್ಬರು ಹೇಳುತ್ತಿರಲಿಲ್ಲ ಅಷ್ಟೇ. ಸಿಕ್ಕಿಬಿದ್ದರೆ ರಾಗಿಯೂ ಹೋಗಿ ಮನುಷ್ಯ ಜೈಲಿಗೂ ಹೋಗಬೇಕು. ಪಕ್ಕದ ಹಳ್ಳಿಯಲ್ಲಿ ಒಬ್ಬನನ್ನು ಹಿಡಿದಿದ್ದರು. ತಪಾಸಣೆಗೆ ಬಂದಾಗ ಅವನ ಹೆಂಡತಿ ಎರಡೆರಡು ಸಲ ಹಿತ್ತಿಲ ಕಡೆ ಹೋಗಿ ಬಂದಳಂತೆ, ಅದರಿಂದಲೇ ಗೊತ್ತಾಯಿತಂತೆ.

ಆಷಾಢದಲ್ಲಿ ಮನೆಯೊಳಗೆ ರಾಗಿ ತುಂಬಿಡುವ ವಾಡೆಗಳು ಬರಿದಾದವು. ಹೊಂಬಾಳಮ್ಮನಿಗೆ ಮತ್ತೆ ಮೂರು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಹೊಂಬಾಳಮ್ಮ ಹೊಲಕ್ಕೆ ಹೋದ ಮೇಲೆ ಹುಚ್ಚೀರನೂ ನಾನೂ ಹಾರೆ ಹಾಕಿ ಚಪ್ಪಡಿಯನ್ನು ಪಕ್ಕಕ್ಕೆ ಉರುಳಿಸಿದೆವು. ಚಪ್ಪಡಿ ಸರಿದ ಗಳಿಗೆಯಲ್ಲೇ ನಾನು ಮುಳ್ಳು ತಂದು ಸುತ್ತ ಹಾಕಿದೆ, ಮೊಣಕಾಲೆತ್ತರಕ್ಕೆ. ಮಾದಿಯನ್ನು ಕರೆದು ತೋರಿಸಿ, “ನೋಡು, ಇಲ್ಲಿ ಗುಮ್ಮ ಅದೆ” ಅಂದೆ. “ಗುಮ್ಮಂಗೆ ಮುಳ್ಳು ಚುಚ್ಚಲ್ವಾ ಅತ್ತೆ?” ಅಂತ ಕೇಳಿದಳು. ಅಷ್ಟು ಮಾತು ಕಲಿತಿದ್ದಳು.

ಹೊತ್ತು ನೆತ್ತಿಗೆ ಬರುವ ಮುಂಚೆ ಹುಚ್ಚೀರ ಬೀದಿಯಿಂದ ಓಡಿಬಂದ.

“ಅಕ್ಕ, ಲೆವಿ ನೋಡಕೆ ಸೇಕ್ದಾರ್ರು ಬಂದವ್ರೆ. ಚಾವಡಿ ತಾವ ಅವ್ರೆ. ಪಟೇಲ್ರನ್ನ ಕರ್ಕಂಡು ಮನೆಮನೆ ನೋಡ್ತಾವ್ರಂತೆ.”

“ಚಪ್ಪಡಿ ಎಳಿಯೋಣ ಬಾ.”

“ಎಳುದ್ರೆ? ಮೆತ್ತಿದ ಮಣ್ಣು ಕಿತ್ತು ಬಿದ್ದದೆ. ಹಸಿ ಮಣ್ಣು ಮೆತ್ತುದ್ರೆ ಕುರುಡಂಗೂ ಕಾಣ್ತದೆ. ಹುಲ್ಲು ಹರಡಾನ.”

ಕೊಟ್ಟಿಗೆಯ ಗೋಡೆಗೆ ಒರಗಿಸಿದ್ದ ತೊಗರಿ ಕಡ್ಡಿಯ ಹಳೇ ತಡಿಕೆಯನ್ನು ತಂದು ಬಾಯಿಗೆ ಮುಚ್ಚಿದ. ಅದಕ್ಕೆ ಗೆದ್ದಲು ಹಿಡಿದಿತ್ತು. ಅಂಗೈ ಇಟ್ಟು ಒತ್ತಿದೆ, ಲಟಕ್ಕೆಂದಿತು.

“ಇದು ತಡೆಯಕಿಲ್ಲ ಕಣ್ಲಾ ಹುಚ್ಚೀರ.”

“ಅವರು ಬಂದು ಓಗೋಗಂಟ ತಾನೇ? ಮೇಲೆ ಯಾರೂ ನಡೆಯಕಿಲ್ಲ. ಮೊದಲು ಆ ಮುಳ್ಳು ತೆಗಿ.”

“ಮುಳ್ಳಿರ್ಲಿ.”

“ಅಕ್ಕ! ಮುಳ್ಳು ಕಂಡ್ರೆ ಪಟೇಲಂಗೆ ಗೊತ್ತಾಗಕಿಲ್ವಾ? ಅವನೂ ಇದೇ ಊರೋನೇ. ನನ್ನ ಜೈಲಿಗೆ ಕಳ್ಸಿ ನೀವಿಬ್ರೂ ಏನು ಉಣ್ತೀರಿ? ತೆಗಿ ಅಂದ್ರೆ ತೆಗಿ.”

ತೆಗೆದೆ. ಈ ಎರಡು ಕೈಯಲ್ಲೇ ಒಂದೊಂದು ಕೊಂಬೆ ಎತ್ತಿ ಬೇಲಿಯ ಆಚೆ ಎಸೆದೆ. ಹೆಬ್ಬೆರಳಿಗೆ ಮುಳ್ಳು ಮುರಿಯಿತು. ಹುಚ್ಚೀರ ಹುಲ್ಲು ತಂದು ಚಪ್ಪಡಿ, ತಡಿಕೆ, ಮಣ್ಣು ಎಲ್ಲದರ ಮೇಲೂ ಹರಡಿದ. ನೋಡಿದರೆ ಬಿಸಿಲಿಗೆ ಹುಲ್ಲು ಒಣಹಾಕಿದ ಹಾಗೇ ಇತ್ತು. ಮಕ್ಕಳಿಗೆ ಹುಲ್ಲಿನ ರಾಶಿ ಕಂಡರೆ ಕಾಲು ನಿಲ್ಲುವುದಿಲ್ಲ, ಅದು ನನಗೆ ಗೊತ್ತಿತ್ತು. ಮಾದಿಯನ್ನು ಎತ್ತಿಕೊಂಡು ಬಂದು ಅಡಿಗೆ ಮನೆಯಲ್ಲಿ ಕೂರಿಸಿ, ಕೈಗೊಂದು ಬೆಲ್ಲದುಂಡೆ ಕೊಟ್ಟು ಬಾಗಿಲು ಹಾಕಿ ಚಿಲಕ ಇಟ್ಟೆ. ಹಿತ್ತಿಲ ಬಾಗಿಲ ಅಗಣಿಯನ್ನೂ ಹಾಕಿದೆ. ಒಲೆ ಆರಿತ್ತು, ಮಡಕೆ ತಣ್ಣಗಿತ್ತು, ಅದನ್ನೂ ಮುಟ್ಟಿ ನೋಡಿದೆ.

ಶೇಕ್ದಾರರು ಕೆಟ್ಟ ಮನುಷ್ಯರಲ್ಲ. ಕೋಟು ಹಾಕಿಕೊಂಡಿದ್ದ ಬಡಕಲು ಮನುಷ್ಯ, ಬಿಸಿಲಿಗೆ ಬಸವಳಿದಿದ್ದರು. ಜಗಲಿಯ ಮೇಲೆ ಕೂತು ನೀರು ಕೇಳಿದರು. ಕೊಟ್ಟೆ. ಅವರ ಜವಾನ ಒಳಗೆ ಹೋಗಿ ವಾಡೆಗಳನ್ನು ತಟ್ಟಿ ನೋಡಿದ, ಅಟ್ಟ ಹತ್ತಿ ಇಳಿದ. ಅಡಿಗೆ ಮನೆಯ ಚಿಲಕ ತೆಗೆದ. ಹಿತ್ತಿಲ ಬಾಗಿಲನ್ನೂ ತೆಗೆದು ಹೊರಗೆ ಇಣುಕಿದ.

“ಹುಲ್ಲು ಬಿಟ್ರೆ ಏನೂ ಇಲ್ಲ ಸ್ವಾಮಿ” ಅಂತ ಒಳಗಿನಿಂದಲೇ ಕೂಗಿ ಹೇಳಿ ಮುಂಬಾಗಿಲಿಗೆ ಬಂದ. ಹುಚ್ಚೀರ ಬಿಗಿ ಹಿಡಿದಿದ್ದ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ನನಗೂ ಸಮಾಧಾನವಾಯಿತು. ಆ ಸಮಾಧಾನದಲ್ಲಿ ಜವಾನ ತೆಗೆದ ಬಾಗಿಲುಗಳನ್ನು ಹಾಕಿದನೋ ಇಲ್ಲವೋ ಅಂತ ನಾನು ಯೋಚಿಸಲಿಲ್ಲ.

ಶೇಕ್ದಾರರು ಪುಸ್ತಕ ಬಿಚ್ಚಿ ಬರೆಯತೊಡಗಿದರು. ಮನೆಯಲ್ಲಿ ಎಷ್ಟು ಜನ, ದೊಡ್ಡವರೆಷ್ಟು, ಮಕ್ಕಳೆಷ್ಟು. ಹುಚ್ಚೀರ ಕೈಕಟ್ಟಿ ನಿಂತು ಹೇಳುತ್ತಿದ್ದ. ಪಟೇಲ ಕಂಬಕ್ಕೊರಗಿ ಎಲೆ ಮಡಿಸುತ್ತಿದ್ದ. ಆಗ ಗೆಜ್ಜೆಯ ಸದ್ದು ಬಂತು.

ಮೊದಲು ಅಡಿಗೆ ಮನೆಯ ನೆಲದ ಮೇಲೆ. ಆಮೇಲೆ ಹಿತ್ತಿಲ ಹೊಸ್ತಿಲ ಕಲ್ಲಿನ ಮೇಲೆ ಎರಡು ಸಲ, ಇಳಿಯುವಾಗ ಅವಳು ಎರಡೂ ಕಾಲು ಜೋಡಿಸಿ ಹಾರುತ್ತಿದ್ದಳು. ಆಮೇಲೆ ಮಣ್ಣಿನ ಮೇಲೆ.

ಶೇಕ್ದಾರರು ತಲೆ ಎತ್ತಿ, “ಮಗು ಚೂಟಿಯಾಗಿದೆ. ನಿಮ್ಮದೇನಮ್ಮ?” ಅಂದರು.

“ನನ್ನ ತಮ್ಮನ ಮಗಳು ಸ್ವಾಮಿ.”

ಬಾಯಿ ತೆರೆದೆ, ಕರೆಯಬೇಕು ಅಂತ. ಹುಚ್ಚೀರ ನನ್ನನ್ನೇ ನೋಡುತ್ತಿದ್ದ. ಹಿತ್ತಿಲ ಕಡೆ ತಿರುಗಬೇಡ, ಆ ಕಡೆ ಹೆಜ್ಜೆ ಇಡಬೇಡ ಅಂತ ಅವನು ಮೊದಲೇ ಹೇಳಿದ್ದ. ಪಕ್ಕದ ಹಳ್ಳಿಯ ಹೆಂಗಸು ನೆನಪಾದಳು. ಮಾದಿ ಕುರಿದೊಡ್ಡಿಯ ಕಡೆ ಹೋಗುತ್ತಾಳೆ, ದಿನವೂ ಅವಳು ಹೋಗುವುದು ಅಲ್ಲಿಗೇ, ಮರಿಗಳಿವೆ ಅಂತ ನನಗೆ ನಾನೇ ಹೇಳಿಕೊಂಡೆ. ಬಾಯಿ ಮುಚ್ಚಿದೆ.

ಗೆಜ್ಜೆ ಓಡಿತು. ಸದ್ದು ಮೆತ್ತಗಾಯಿತು. ಹುಲ್ಲಿನ ಮೇಲೆ ಗೆಜ್ಜೆ ಮೆತ್ತಗಾಗುತ್ತದೆ, ಅದೂ ನನಗೆ ಗೊತ್ತಿತ್ತು. ಆಮೇಲೆ ಇಲ್ಲ.

“ಇನ್ನೇನು, ಇಲ್ಲಿ ಒಂದು ಹೆಬ್ಬೆಟ್ಟು ಒತ್ತು” ಅಂದರು ಶೇಕ್ದಾರರು. ಹುಚ್ಚೀರ ಒತ್ತಿದ. ಪಟೇಲ ಎಲೆ ಬಾಯಿಗೆ ಹಾಕಿಕೊಂಡ. ಅವರು ಮೆಟ್ಟಿಲಿಳಿದು ಬೀದಿಯ ತಿರುವಿಗೆ ಹೋಗುವವರೆಗೆ ನಾನು ಬಾಗಿಲಲ್ಲಿ ಸೆರಗು ಹೊದ್ದು ನಿಂತಿದ್ದೆ.

ಕರೆದಿದ್ದರೆ ಸಾಕಿತ್ತು. ಮಾದೀ ಬಾ ಇಲ್ಲಿ, ಅಷ್ಟೇ. ಒಬ್ಬ ಹೆಂಗಸು ಮನೆಯ ಮಗುವನ್ನು ಕರೆದರೆ ಯಾವ ಶೇಕ್ದಾರನಿಗೆ ಅನುಮಾನ ಬರುತ್ತದೆ? ಇಷ್ಟು ಸಣ್ಣ ವಿಷಯ ನನಗೆ ಆಗ ಹೊಳೆಯಲಿಲ್ಲ. ಈಗ ದಿನವೂ ಹೊಳೆಯುತ್ತದೆ. ಗೆಜ್ಜೆ ಕೇಳಿಸಿಯೂ ನಾನು ನಿಂತಿದ್ದೆ ಅನ್ನುವುದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಹುಚ್ಚೀರನಿಗೆ ಗೊತ್ತಿಲ್ಲ. ಗಂಡಸರು ಗೆಜ್ಜೆಯ ಸದ್ದಿಗೆ ಕಿವಿ ಕೊಡುವುದಿಲ್ಲ.

ಹುಲ್ಲು ನಡುವೆ ಕುಸಿದಿತ್ತು. ಹುಚ್ಚೀರ ಹುಲ್ಲನ್ನು ಬಾಚಿ ಎಸೆದು, “ಮಾದೀ” ಅಂತ ಒಳಗೆ ಬಗ್ಗಿ ಕೂಗಿ, ಹಾಗೇ ಇಳಿಯಲು ಕಾಲು ಇಳಿಬಿಟ್ಟ. ನಾನು ಹಿಂದಿನಿಂದ ಅವನ ಸೊಂಟ ಹಿಡಿದು ನೆಲಕ್ಕೆ ಕೆಡವಿ ಮೇಲೆ ಕೂತೆ. “ನೀನೂ ಸಾಯ್ತೀಯ ಕಣ್ಲಾ, ದೀಪ ಬುಡು ಮೊದ್ಲು.” ದೀಪವನ್ನು ದಾರಕ್ಕೆ ಕಟ್ಟಿ ಬಿಟ್ಟೆವು. ಬಾಯಿ ದಾಟುತ್ತಲೇ ಆರಿತು. ಬೇವಿನ ಕೊಂಬೆ ಮುರಿದು ಹಗ್ಗಕ್ಕೆ ಕಟ್ಟಿ ಒಳಗೆ ಬಿಟ್ಟು ಮೇಲಕ್ಕೆ ಕೆಳಕ್ಕೆ ಆಡಿಸಿದೆವು, ಕಂಬಳಿ ಬೀಸಿದೆವು. ಮತ್ತೆ ದೀಪ ಬಿಟ್ಟೆವು, ಆರಿತು. ಜನರನ್ನು ಕೂಗುವ ಹಾಗಿರಲಿಲ್ಲ, ಶೇಕ್ದಾರರು ಇನ್ನೂ ಮೂರು ಮನೆ ಆಚೆ ಇದ್ದರು. ಹುಚ್ಚೀರ ಸೆರಗು ಕಚ್ಚಿಕೊಂಡು ಅಳುವ ಹೆಂಗಸಿನ ಹಾಗೆ ತನ್ನ ಕೈಯನ್ನು ಕಚ್ಚಿಕೊಂಡು ಅಳುತ್ತಿದ್ದ. ಎಷ್ಟನೆಯ ಸಲವೋ, ದೀಪ ಆರದೆ ನಿಂತಿತು. ಅವನ ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ಹೊಂಗೆ ಮರಕ್ಕೆ ಸುತ್ತಿ ನಾನೊಬ್ಬಳೇ ಹಿಡಿದೆ.

ಮಾದಿಯ ಮೈಮೇಲೆ ಒಂದು ಗೀರೂ ಇರಲಿಲ್ಲ. ಬಿದ್ದದ್ದು ರಾಗಿಯ ಮೇಲೆ, ಪೆಟ್ಟಾಗಿರಲಿಲ್ಲ. ಮುಷ್ಟಿಯಲ್ಲಿ ಬೆಲ್ಲ ಹಾಗೇ ಇತ್ತು, ಅದಕ್ಕೆ ರಾಗಿ ಮೆತ್ತಿಕೊಂಡಿತ್ತು.

ಹೊಂಬಾಳಮ್ಮ ಹುಲ್ಲುಹೊರೆ ಹೊತ್ತು ಬಂದಾಗ ಹೊತ್ತು ಇಳಿದಿತ್ತು. ನಡುಮನೆಯಲ್ಲಿ ಮಲಗಿಸಿದ್ದ ಮಗುವನ್ನು ನೋಡಿದಳು, ನಮ್ಮ ಮೈಮೇಲಿನ ಮಣ್ಣು ನೋಡಿದಳು, ಹಿತ್ತಿಲಿಗೆ ಹೋಗಿ ನೋಡಿ ಬಂದಳು. ಅವಳು ಕೇಳಿದ್ದು ಒಂದೇ ಮಾತು.

“ಮುಳ್ಳು ತೆಗೆದೋರು ಯಾರು?”

“ನಾನೇ ಕಣವ್ವ” ಅಂದೆ.

ಅವಳು ಹೊಡೆದಿದ್ದರೆ, ಉಗಿದಿದ್ದರೆ ನನಗೆ ಬದುಕಲು ಒಂದು ದಾರಿ ಸಿಗುತ್ತಿತ್ತು. ಅವಳು ಹೋಗಿ ಮಗುವಿನ ಪಕ್ಕ ಕೂತುಬಿಟ್ಟಳು. ಹುಚ್ಚೀರ ಬಾಗಿಲು ಹಾಕಿ ಬಂದು ತಗ್ಗಿದ ದನಿಯಲ್ಲಿ ಹೇಳಿದ. ಮಗು ಹೋಯಿತು, ಇನ್ನು ರಾಗಿಯೂ ಹೋಗಿ ತಾನೂ ಜೈಲಿಗೆ ಹೋದರೆ ಹೊಟ್ಟೆಯಲ್ಲಿರುವ ಕೂಸಿನ ಗತಿ ಏನು? ಹಗೇವಿನ ಮಾತು ಯಾರ ಬಾಯಿಂದಲೂ ಬರಕೂಡದು. ಜ್ವರ ಅನ್ನೋಣ.

ಆ ವರ್ಷ ನಮ್ಮ ಸೀಮೆಯಲ್ಲಿ ಚಳಿಜ್ವರಕ್ಕೆ ಮಕ್ಕಳು ಹೋಗುತ್ತಲೇ ಇದ್ದವು. ಯಾರಿಗೂ ಅನುಮಾನ ಬರುವಂತಿರಲಿಲ್ಲ. ಅಳು ಕೇಳಿ ಮೊದಲು ಬಂದವಳು ಸೋಮಮ್ಮ. “ಒತ್ತಾರೆ ನನ್ನ ಜಗಲಿ ಮೇಲೆ ಆಡ್ತಾ ಇದ್ದಳಲ್ಲಕ್ಕ!” ಅಂತ ಎದೆ ಬಡಿದುಕೊಂಡಳು.

“ಆಮೇಲೆ ಮೈ ಬಿಸಿಯಾಯ್ತು ಕಣವ್ವ” ಅಂದೆ. “ಜ್ವರ ನೆತ್ತಿಗೇರಿಬುಡ್ತು.”

ಸೋಮಮ್ಮ ನಂಬಿದಳು. ನನ್ನನ್ನು ತಬ್ಬಿಕೊಂಡು, “ನಿನ್ನಂಗೆ ಕಾದೋರು ಯಾರವ್ರೆ ಅಕ್ಕ, ನಿಂದೇನೂ ತಪ್ಪಿಲ್ಲ” ಅಂದಳು.

ಮಾದಿಯನ್ನು ಹೊಲದ ಬದುವಿನಲ್ಲಿ ಮಣ್ಣು ಮಾಡಿದೆವು. ಮಾರನೆಯ ವಾರ ಆ ರಾಗಿಯಲ್ಲಿ ಎರಡು ಪಲ್ಲ ಎತ್ತಿ ಮತ್ತೆ ಚಪ್ಪಡಿ ಎಳೆದೆವು. ನಾನೇ ಬೀಸಿದೆ, ನಾನೇ ಮುದ್ದೆ ತಿರುವಿದೆ. ಹೊಂಬಾಳಮ್ಮ ತಟ್ಟೆಯನ್ನು ಬಹಳ ಹೊತ್ತು ನೋಡಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಒಂದು ತುತ್ತು ಮುರಿದು ನುಂಗಿದಳು. ಎಂಟು ಪಲ್ಲ ರಾಗಿ, ಒಂದು ವರ್ಷ ಉಂಡೆವು.

ಬಾಯಿ ಮುಚ್ಚಿಕೊಂಡು ಇರುವುದು ಮೊದಮೊದಲು ಸುಲಭ ಅನಿಸಿತು. ದುಃಖದಲ್ಲಿರುವವಳನ್ನು ಯಾರೂ ಹೆಚ್ಚು ಮಾತಾಡಿಸುವುದಿಲ್ಲ. ಆದರೆ ಗೌರಿ ಹಬ್ಬ ಹತ್ತಿರ ಬಂದಾಗ ಶೇಕ್ದಾರರು ಮತ್ತೆ ಬರುತ್ತಾರಂತೆ ಅನ್ನುವ ಸುದ್ದಿ ಹಬ್ಬಿತು. ಒಂದು ದಿನ ಬೇಲಿಯ ಮೇಲಿಂದ ಸೋಮಮ್ಮನ ಹಿತ್ತಿಲು ಕಣ್ಣಿಗೆ ಬಿತ್ತು. ಅಲ್ಲಿ ಒಂದು ಮೂಲೆಯಲ್ಲಿ ಹುಲ್ಲು ಹರಡಿತ್ತು. ಮೂರು ದಿನದಿಂದ ಮೋಡ. ಮೋಡದಲ್ಲಿ ಹುಲ್ಲು ಒಣಗಿಸುವವರು ಯಾರು? ಸೋಮಮ್ಮನ ಗಂಡ ಚಿಕ್ಕಬೋರಯ್ಯನೂ ರಾಗಿ ಮುಚ್ಚಿಟ್ಟಿದ್ದ, ಈಗ ಹಗೇವು ತೆರೆದಿದ್ದಾನೆ, ಅವನಿಗೂ ಮುಳ್ಳು ಹಾಕುವ ಧೈರ್ಯವಿಲ್ಲ.

ಹೋಗಿ ಹೇಳಬೇಕು ಅಂತ ಹೊರಟೆ. ಹುಚ್ಚೀರ ಜಗಲಿಯ ಮೇಲಿದ್ದ. “ಎಲ್ಲಿಗಕ್ಕ?” ಅಂದ. ಹೇಳಿದೆ. ಅವನ ಮುಖ ಕಪ್ಪಿಟ್ಟಿತು. “ನಮ್ಮದು ಗೊತ್ತಾದ್ರೆ ನಾಳೆ ಅವಳ ಬಾಯಿಂದ ಊರಿಗೆಲ್ಲ ಗೊತ್ತಾಯ್ತದೆ. ಇನ್ನೂ ಆರು ಪಲ್ಲ ಕೆಳಗೆ ಅದೆ. ಮಗೂನ ಉಸಾರಾಗಿ ನೋಡ್ಕೊ ಅನ್ನು, ಅಷ್ಟು ಸಾಕು.”

ಅಷ್ಟೇ ಹೇಳಿದೆ. ಸೋಮಮ್ಮ ಅಂಗಳ ಗುಡಿಸುತ್ತಿದ್ದಳು, ಮರಿಯಯ್ಯ ಕೋಲು ಎಳೆದುಕೊಂಡು ಓಡಾಡುತ್ತಿದ್ದ.

“ಸೋಮಿ, ಮಗೂನ ಇತ್ಲಿಗೆ ಬುಡಬ್ಯಾಡ ಕಣೇ.”

“ಯಾಕಕ್ಕ?”

“ಅದೇ... ಉಳಾ ಉಪ್ಪಟೆ ಇರ್ತದೆ.”

ಸೋಮಮ್ಮ ನಕ್ಕಳು. ಮಾದಿ ಹೋದ ಮೇಲೆ ಅವಳು ನನ್ನೆದುರು ನಕ್ಕದ್ದು ಅದೇ ಮೊದಲು. “ನಿನ್ನ ಭಯ ಇನ್ನೂ ಓಗಿಲ್ವಲ್ಲಕ್ಕ. ಬಾವಿ ಅಂತೀಯ, ಒಲೆ ಅಂತೀಯ, ಸುಣ್ಣ ಅಂತೀಯ. ನಿನ್ನ ಮಾತು ಕೇಳುದ್ರೆ ಮಗೂನ ಗೂಟಕ್ಕೆ ಕಟ್ಟಬೇಕು.”

ಕೋಪ ಬಂತು ನನಗೆ, ಅವಳ ಮೇಲಲ್ಲ. ಹಿಂದೆ ನೂರು ಸಲ ಎಚ್ಚರಿಸಿದ್ದೆ, ಇದೂ ಅದರಲ್ಲಿ ಒಂದಾಗಿಹೋಯಿತು. ಕಾರಣ ಹೇಳದ ಎಚ್ಚರಿಕೆಗೆ ಯಾರು ಬೆಲೆ ಕೊಡುತ್ತಾರೆ? ಮನೆಗೆ ಬಂದು ಪೆಟ್ಟಿಗೆ ತೆಗೆದೆ. ಮಾದಿಯ ಗೆಜ್ಜೆ ಅಲ್ಲಿತ್ತು. ತೆಗೆದುಕೊಂಡು ಹೋಗಿ ಮರಿಯಯ್ಯನನ್ನು ಕೂರಿಸಿಕೊಂಡು ನಾನೇ ಅವನ ಕಾಲಿಗೆ ಕಟ್ಟಿದೆ. ಸೋಮಮ್ಮ ಈ ಸಲ ಬೇಡ ಅನ್ನಲಿಲ್ಲ. ಸತ್ತ ಮಗುವಿನದು ಅಂತ ಅಂಜಲೂ ಇಲ್ಲ, ಕಣ್ಣಲ್ಲಿ ನೀರು ತಂದುಕೊಂಡು, “ಇರ್ಲಿ ಬುಡಕ್ಕ, ಮಾದಿ ಇವನ ಜೊತೇಲಿ ಆಡ್ದಂಗಾಯ್ತದೆ” ಅಂದಳು. ಮರಿಯಯ್ಯ ಸದ್ದಿಗೆ ಹಿಗ್ಗಿ ಅಂಗಳವೆಲ್ಲ ಕುಣಿದ.

ಅವತ್ತಿನಿಂದ ನಾನು ಬೇಲಿಯ ಪಕ್ಕದಲ್ಲೇ ಕೂತು ಕೆಲಸ ಮಾಡಿದೆ. ಗೆಜ್ಜೆ ಎಲ್ಲಿದೆ ಅಂತ ಕಿವಿ ಅಲ್ಲೇ. ನಾಲ್ಕು ದಿನ ಹಾಗೆ ಕಾದೆ. ಐದನೆಯ ದಿನ ಹೊಂಬಾಳಮ್ಮನಿಗೆ ಹೊಟ್ಟೆನೋವು ಕಾಣಿಸಿಕೊಂಡು, ಸೂಲಗಿತ್ತಿಯನ್ನು ಕರೆಯಲು ನಾನು ಮೇಲಿನ ಕೇರಿಗೆ ಹೋಗಬೇಕಾಯಿತು. ಅವಳನ್ನು ಕರೆದುಕೊಂಡು ಬರುವಾಗ ಸೋಮಮ್ಮನ ಮನೆಯ ಮುಂದೆ ಜನ ನಿಂತಿದ್ದರು.

ಒಳಗೆ ಹೋದೆ. ಮರಿಯಯ್ಯನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಮೈಮೇಲೆ ಒಂದು ಗೀರಿರಲಿಲ್ಲ. ಚಿಕ್ಕಬೋರಯ್ಯ ಬಾಗಿಲಿಗೆ ಒರಗಿ ಬಂದವರ ಮುಖವನ್ನೇ ಒಬ್ಬೊಬ್ಬರದಾಗಿ ನೋಡುತ್ತಿದ್ದ. ಆ ನೋಟ ನನಗೆ ಗೊತ್ತು. ಸೋಮಮ್ಮ ನನ್ನನ್ನು ಕಂಡು ಎದ್ದು ಬಂದಳು.

“ಒತ್ತಾರೆ ಚೆನ್ನಾಗೇ ಇದ್ದ ಕಣಕ್ಕ. ಆಮೇಲೆ ಮೈ ಬಿಸಿಯಾಯ್ತು. ಜ್ವರ ನೆತ್ತಿಗೇರಿಬುಡ್ತು” ಅಂದಳು.

ನನ್ನ ಮಾತೇ. ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ.

ಗೆಜ್ಜೆಯನ್ನು ಬಿಚ್ಚಿ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಬಿಡಿಸಿ ನನ್ನ ಕೈಗೆ ಹಾಕಿದಳು. ಗುಂಡುಗಳ ಸಂದಿಯಲ್ಲಿ ರಾಗಿ ಸಿಕ್ಕಿಕೊಂಡಿತ್ತು.

“ಸೋಮಿ, ಮುಳ್ಳು ಆಕಿರ್ನಿಲ್ವಾ?” ಅಂದೆ, ಅವಳಿಗೆ ಮಾತ್ರ ಕೇಳುವ ಹಾಗೆ.

ಅವಳು ಗಂಡನ ಕಡೆ ನೋಡಿದಳು. “ಜ್ವರ ಕಣಕ್ಕ” ಅಂದಳು. ಆಮೇಲೆ ನನ್ನ ಭುಜದ ಮೇಲೆ ಬಿದ್ದು ಅಳುವ ಹಾಗೆ ಬಿದ್ದು, ಕಿವಿಯ ಹತ್ತಿರ ಹೇಳಿದಳು: “ಗೆಜ್ಜೆ ಕಟ್ಟಿದ್ಯಲ್ಲ ಅಂತ ಧೈರ್ಯವಾಗಿ ಬೀಸ್ತಾ ಕುಂತಿದ್ದೆ ಕಣಕ್ಕ. ಕಲ್ಲಿನ ಸದ್ದಿಗೆ ಕೇಳಿಸ್ನೇ ಇಲ್ಲ. ಕೇಳಿಸಿದ್ರೆ ನಾನು ಓಯ್ತಿರ್ನಿ‍ಲ್ವಾ? ಕೇಳಿಸಿದ್ರೆ ಯಾವ ತಾಯಿ ಸುಮ್ನೆ ಕುಂತಾಳು?”

ನನಗೆ ಕೇಳಿಸಿತ್ತು ಅಂತ ಹೇಳಲು ಬಾಯಿ ತೆರೆದೆ. ನಮ್ಮ ಮನೆಯ ಮಾದಿಯನ್ನು ಜ್ವರ ಮುಟ್ಟಿರಲಿಲ್ಲ, ಅವತ್ತೇ ನಿನಗೆ ಹೇಳಿದ್ದರೆ ಈ ಮಗು ಇರುತ್ತಿತ್ತು ಅನ್ನುವುದನ್ನೂ ಹೇಳಬೇಕಿತ್ತು. ಬಾಗಿಲಲ್ಲಿ ಚಿಕ್ಕಬೋರಯ್ಯನ ಪಕ್ಕದಲ್ಲಿ ಹುಚ್ಚೀರ ಬಂದು ನಿಂತಿದ್ದ, ನನ್ನನ್ನೇ ನೋಡುತ್ತಿದ್ದ.

“ಜ್ವರಕ್ಕೆ ಯಾರು ಏನು ಮಾಡಕಾಯ್ತದೆ ಬುಡವ್ವ” ಅಂದೆ.